ಗುಬ್ಬಾರಾ ಒಂಟೆಯ ಎರಡನೇ ಡಿಸ್ಕ್

ಬೀದರದ ನೌಬಾದಿನ ಮುನವ್ವರ ಬೇಗಂ ಅವರ ವಿಸಿಡಿ ಅಂಗಡಿಗೆ ಒಂದು ಪದ್ಧತಿ ಇತ್ತು. ಒಂದು ಸಿನಿಮಾಕ್ಕೆ ಎರಡು ಡಿಸ್ಕ್. ಹೊಸ ಸಿನಿಮಾಕ್ಕೆ ಇಬ್ಬರು ಗಿರಾಕಿಗಳು ಒಟ್ಟಿಗೇ ಬಂದರೆ ಬೇಗಂ ಇಬ್ಬರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಒಂದನೇ ಡಿಸ್ಕ್ ಒಂದು ಮನೆಗೆ, ಎರಡನೆಯದು ಇನ್ನೊಂದು ಮನೆಗೆ. ಮೊದಲ ಮನೆಯವರು ತಮ್ಮದು ನೋಡಿ ಮುಗಿಸಿ ಅದಲುಬದಲು ಮಾಡಿಕೊಳ್ಳಬೇಕು. ನೌಬಾದಿನ ಗಲ್ಲಿಗಳಲ್ಲಿ ಈ ಅದಲುಬದಲು ಕಾಂಪೌಂಡ್ ಗೋಡೆಯ ಮೇಲಿಂದಲೇ ಆಗಿಹೋಗುತ್ತಿತ್ತು.

೨೦೦೪ರ ಜನವರಿ ೧೬ರಂದು ‘ಗುಬ್ಬಾರಾ ಒಂಟೆ’ಯ ಮೂರನೇ ಭಾಗ ವಿಸಿಡಿಯಲ್ಲಿ ಬಿಡುಗಡೆಯಾಯಿತು. ಗುಬ್ಬಾರಾ ಎಂದರೆ ಬಲೂನು; ಡುಬ್ಬದಲ್ಲಿ ಗಾಳಿ ತುಂಬಿಕೊಂಡು ಹಾರುವ ಕಾರ್ಟೂನ್ ಒಂಟೆ ಅದು. ಮೊದಲ ಭಾಗದಲ್ಲಿ ಮರಳುಗಾಡು, ಎರಡನೆಯದರಲ್ಲಿ ಹಿಮದ ಬೆಟ್ಟ, ಈ ಸಲ ಸಮುದ್ರ. ಹೈದರಾಬಾದಿನಿಂದ ಬೇಗಂ ಅಂಗಡಿಗೆ ಬಂದದ್ದು ಒಂದೇ ಪ್ರತಿ. ಅದಕ್ಕಾಗಿ ಹದಿನೈದು ದಿನ ಮೊದಲೇ ಹೇಳಿಟ್ಟಿದ್ದವರು ಇಬ್ಬರು: ಔರಾದದ ಮಾಣಿಕ ಮಾಸ್ತರರು, ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಶಾಲುಬಾಯಿ.

ಆ ವರ್ಷ ಮಳೆ ಕೈಕೊಟ್ಟು ಭಾತಂಬ್ರಾದ ಎಷ್ಟೋ ಮನೆಗಳವರು ಹೈದರಾಬಾದಿಗೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಅವರ ಇಪ್ಪತ್ತಾರು ಮಕ್ಕಳನ್ನು ಶಾಲೆಯಲ್ಲೇ ಇರಿಸಿಕೊಂಡು ಊಟ, ನಿದ್ದೆ, ಓದು ನೋಡಿಕೊಳ್ಳುವುದು ಶಾಲುಬಾಯಿಯ ಕೆಲಸ. ಇಪ್ಪತ್ತೇಳನೆಯ ಹಾಸಿಗೆಯೊಂದನ್ನು ಅವಳು ಖಾಲಿ ಇಟ್ಟಿದ್ದಳು. ಅದು ಕುರಿ ಸಾಕುವ ಧೊಂಡಿಬಾನ ಮಗಳು ಸಖುವಿಗೆ. ಸಖು ಏಳನೇ ತರಗತಿ, ಮಾರ್ಚಿನಲ್ಲಿ ಪರೀಕ್ಷೆ. ಧೊಂಡಿಬಾ ಹೆಂಡತಿ ಮಗಳ ಸಮೇತ ಮಂದೆ ಹೊಡೆದುಕೊಂಡು ನಾಂದೇಡದ ಕಡೆ ಹೊರಡುವವನಿದ್ದ. ಹೋದರೆ ಬರುವುದು ಮುಂಗಾರಿಗೆ. ಪರೀಕ್ಷೆ ತಪ್ಪಿದರೆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಶಾಲುಬಾಯಿಗೆ ಖಾತ್ರಿಯಿತ್ತು.

“ನಾ ಬ್ಯಾಡ ಅನ್ನಾಂವ ಅಲ್ರಿ ಬಾಯಿ,” ಎಂದಿದ್ದ ಧೊಂಡಿಬಾ. “ಇಕಿ ಇರ್ಲಿಲ್ಲಂದ್ರೂ ಮರಿ ಎಣಸಾಕ ನಾ ಅದೇನಿ. ಆದ್ರ ಐದ ತಿಂಗಳ ಮಗಳ ದನಿ ಕೇಳಲಾರ್ದ ಅವರವ್ವ ಇರಾಂಗಿಲ್ರಿ. ಕುರಿ ಬಿಟ್ಟು ನಡಕೋತ ವಾಪಸ್ ಬರ್ತಾಳ.”

“ಕಾಗದ ಬರೀತಾಳಲ್ಲಾ.”

“ಕಾಗದ ಯಾರ ಓದ್ತಾರ್ರಿ, ಟಗರೇನು?”

“ಫೋನ್ ಮಾಡ್ರಿ ಹಂಗಾರ.”

“ಫೋನ್ ಬರೂದು ಯಾರರೆ ಸತ್ತಾಗ್ರಿ. ಅದರಾಗ ಜೀವದ ಮಾತು ಎಲ್ಲಿ ಬರ್ತದ?”

ಒಂಟೆಯ ಸಿನಿಮಾ ನೋಡಿಯೇ ಬರುತ್ತೇನೆಂದು ಸಖು ಹಟ ಹಿಡಿದಿದ್ದರಿಂದ ಗುರುವಾರದ ಪ್ರಯಾಣ ಭಾನುವಾರಕ್ಕೆ ಮುಂದೆ ಹೋಗಿತ್ತು. ಧೊಂಡಿಬಾನನ್ನು ಒಪ್ಪಿಸಲು ಶಾಲುಬಾಯಿಗೆ ಸಿಕ್ಕದ್ದು ಆ ಮೂರು ದಿನ.

ಶನಿವಾರ ಬೀದರದ ಬಸ್ಸಿನ ಕಂಡಕ್ಟರ್ ಬೇಗಂ ಕಳಿಸಿದ ಪೊಟ್ಟಣ ತಂದುಕೊಟ್ಟ. ಟಿವಿ, ವಿಸಿಡಿ ಪ್ಲೇಯರ್, ಎಸ್‌ಟಿಡಿ ಫೋನ್ ಮೂರೂ ಇದ್ದದ್ದು ಶಿವರಾಜಪ್ಪನವರ ಕಿರಾಣಿ ಅಂಗಡಿಯಲ್ಲಿ. ಕರೆಂಟು ಎರಡರಿಂದ ಐದರವರೆಗೆ. ಎರಡು ಹೊಡೆಯುವ ಮೊದಲೇ ಮಕ್ಕಳು ಬೆಲ್ಲದ ಡಬ್ಬಿಗಳ ನಡುವೆ ಒತ್ತೊತ್ತಾಗಿ ಕುಳಿತಿದ್ದರು.

ಪರದೆಯ ಮೇಲೆ ಒಂಟೆ ಬಂತು. ಸಮುದ್ರದ ತಳದಲ್ಲಿತ್ತು. ತಲೆಯ ಮೇಲೆ ಏಡಿಯೊಂದು ಕಿರೀಟದ ಹಾಗೆ ಕೂತಿತ್ತು. “ಇನ್ನು ನಾನು ನಿನ್ನ ಮಾತು ಕೇಳುವುದಿಲ್ಲ!” ಎಂದು ಒಂಟೆ ಹಿಂದಿಯಲ್ಲಿ ಕಿರುಚಿತು.

“ಯಾರ ಮಾತು?” ಎಂದ ಒಬ್ಬ ಹುಡುಗ.

“ಸಿನಿಮಾದ ಹೆಸರ ಬಂದಿಲ್ಲ, ಹಾಡ ಬಂದಿಲ್ಲ, ನೀರಾಗ ಹ್ಯಾಂಗ ಬಿತ್ತು?” ಎಂದಳು ಸಖು.

ಶಾಲುಬಾಯಿ ಡಿಸ್ಕ್ ಹೊರತೆಗೆದು ನೋಡಿದಳು. ಅದರ ಮೇಲೆ ‘೨’ ಎಂದಿತ್ತು. ಡಬ್ಬಿಯಲ್ಲಿ ಮತ್ತೊಂದು ಡಿಸ್ಕ್ ಇರಲಿಲ್ಲ; ಒಂದು ಚೀಟಿ ಇತ್ತು: ‘ಆಚೆ ಮನೆಯವರು ಒಂದು ನಂಬರ್ ನೋಡಿದ ಕೂಡಲೆ ಬದಲಿ ಮಾಡಿಕೊಳ್ಳಿ.’

ನೌಬಾದಿಗೆ ಫೋನ್ ಹಚ್ಚಿದಳು.

“ಹಮೇಶಾ ಹಂಗೇ ಕೊಡ್ತೇನಲ್ಲ ಶಾಲುಬಾಯಿ,” ಎಂದರು ಬೇಗಂ. “ಒಂದು ನಂಬರ್ ಮಾಣಿಕ ಮಾಸ್ತರ ಕಡಿ ಅದ. ಹೋಗಿ ತಗೊಳ್ರಿ.”

“ಬೇಗಂಸಾಬ್, ಮಾಸ್ತರು ಔರಾದದಾಗ ಅದಾರ್ರಿ. ನಾ ಭಾತಂಬ್ರಾದಾಗ ಅದೇನಿ.”

ಆ ಕಡೆ ಬೇಗಂ ಹಣೆ ಬಡಿದುಕೊಂಡದ್ದು ಕೇಳಿಸಿತು.

“ಯಾ ಅಲ್ಲಾ! ರೂಢಿ ಮ್ಯಾಲ, ನಡುವ ಗೋಡಿ ಅಷ್ಟೇ ಅದ ಅನ್ನೂಹಂಗ ಹಾಕಿಬಿಟ್ಟೆ ನೋಡ್ರಿ. ನಾಳಿ ಬಸ್ಸಿಗಿ ಬದಲಿ ಮಾಡಸ್ತೇನಿ.”

ನಾಳೆ ಬೆಳಿಗ್ಗೆ ಮಂದೆ ಹೊರಡುತ್ತದೆ. ಶಾಲುಬಾಯಿ ಮಾಸ್ತರರ ಮನೆಯ ನಂಬರ್ ಪಡೆದು ಅಲ್ಲಿಗೆ ಫೋನ್ ಮಾಡಿದಳು. ಔರಾದದಲ್ಲಿ ಕರೆಂಟು ಹನ್ನೆರಡಕ್ಕೇ ಬಂದಿತ್ತಂತೆ. ಮಕ್ಕಳು ಮೊದಲರ್ಧ ನೋಡಿ ಮುಗಿಸಿ, ಒಂಟೆ ಹಡಗಿನಿಂದ ಬಿದ್ದಲ್ಲಿಗೆ ಡಿಸ್ಕ್ ಮುಗಿದದ್ದರಿಂದ ಮಾಸ್ತರರ ಜೀವ ತಿನ್ನುತ್ತಿದ್ದರಂತೆ.

ಸಖು ಶಾಲುಬಾಯಿಯ ಸೆರಗು ಜಗ್ಗಿದಳು. “ಅವರು ನೋಡಿದ್ದು ಅವರು ಹೇಳ್ಲಿರಿ. ನಾವು ನೋಡಿದ್ದು ನಾವು ಹೇಳ್ತೇವಿ.”

ಆ ಕಡೆ ಪಂಢರಿ ಎಂಬ ಹುಡುಗ ರಿಸೀವರ್ ಹಿಡಿದ. ಈ ಕಡೆ ಸಖು ಹಿಡಿದಳು.

“ಒಂಟಿ ಹಡಗ ಹತ್ತಿತು,” ಎಂದ ಪಂಢರಿ. “ಆಮ್ಯಾಗ ಬಿತ್ತು.”

ಸಖು ಅದನ್ನೇ ಗಟ್ಟಿಯಾಗಿ ಹೇಳಿದಳು. ಮಕ್ಕಳು ಬೊಬ್ಬೆ ಹಾಕಿದರು.

“ಏ ಪಂಢರಿ, ಒಂದು ತಾಸಿನ ಸಿನಿಮಾ ಎರಡು ಮಾತಿನಾಗ ಮುಗಿಸ್ತೀ ಏನೋ? ಯಾಕ ಹತ್ತಿತು ಹೇಳು.”

“ಖರ್ಜೂರದ ವಾಸನಿಗೆ.”

“ಯಾರ ಖರ್ಜೂರ?”

“ಕಪ್ತಾನಂದು. ಒಂದು ಕಣ್ಣಿಂದು ಆಮಿ ಅದ, ಅದೇ ಕಪ್ತಾನ.”

“ಆಮಿ ಅದ ಅಂತ ಮೊದಲು ಹೇಳಬೇಕಲ್ಲೋ!”

ಹೀಗೆ ಕೆದಕಿ ಕೆದಕಿ, ಒಂಟೆಯೂ ಆಮೆಯೂ ಗೆಳೆಯರಾದದ್ದು, ಜಗಳಾಡಿದ್ದು, ಡುಬ್ಬಕ್ಕೆ ತೂತು ಬಿದ್ದದ್ದು ಎಲ್ಲವನ್ನೂ ಸಖು ಹೊರಗೆಳೆದಳು. ಅಲ್ಲಿಂದ ಬಂದದ್ದು ಒಂದು ಮಾತಾದರೆ ಇಲ್ಲಿ ಮಕ್ಕಳಿಗೆ ಮೂರಾಗಿ ದಾಟುತ್ತಿತ್ತು. ಆಮೆಯ ಗೊಗ್ಗರು ದನಿ ಅವಳದೇ. ಮೂರು ಗಂಟೆಗೆ ಡಿಸ್ಕ್ ಮತ್ತೆ ಹಾಕಿದಾಗ ಒಂಟೆ ಯಾರ ಮಾತು ಕೇಳುವುದಿಲ್ಲ ಎನ್ನುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಿನಿಮಾ ಮುಗಿದಾಗ ನಾಲ್ಕು ದಾಟಿತ್ತು. ಮಗಳನ್ನು ಕರೆದೊಯ್ಯಲು ಬಂದ ಧೊಂಡಿಬಾ ಕೋಲು ಹಿಡಿದು ಬಾಗಿಲಲ್ಲಿ ನಿಂತ. ಸಖು ಆಗಲೇ ಮತ್ತೆ ಫೋನಿನಲ್ಲಿದ್ದಳು. ಏಡಿ ಕಚ್ಚಿದ್ದು, ತಿಮಿಂಗಿಲ ಸೀನಿದ್ದು, ಒಂಟೆ ಸೀನಿನ ಜೊತೆ ಆಕಾಶಕ್ಕೆ ಹಾರಿದ್ದು. ಅವಳು ಸೀನಿದರೆ ಶಿವರಾಜಪ್ಪನವರ ತಕ್ಕಡಿ ಅಲುಗುತ್ತಿತ್ತು. ರಿಸೀವರಿನಿಂದ ಕಾಳು ಹುರಿದ ಹಾಗೆ ನಗು ಸಿಡಿಯುತ್ತಿತ್ತು.

“ಅದರೊಳಗ ಯಾರ ನಗಾಕತ್ತಾರ್ರಿ?” ಎಂದು ಧೊಂಡಿಬಾ ಶಾಲುಬಾಯಿಯನ್ನು ಕೇಳಿದ.

“ಔರಾದದ ಮಕ್ಕಳು.”

“ಔರಾದ? ಕುರಿಗಿ ಮೂರು ದಿನದ ಹಾದಿ ಆಗ್ತದಲ್ರಿ!”

“ಕೇಳ್ರಿ ಬೇಕಾದ್ರ.”

ಸಖು ಅಪ್ಪನ ಕಿವಿಗೆ ರಿಸೀವರ್ ಇಟ್ಟಳು. “ಏ ಅಕ್ಕಾ, ತಿಮಿಂಗಿಲ ಇನ್ನೊಮ್ಮಿ ಸೀನಸು!” ಎಂದು ಯಾರೋ ಕಿರುಚಿದ್ದು ಶಾಲುಬಾಯಿಗೂ ಕೇಳಿಸಿತು. ಧೊಂಡಿಬಾ ಬೆಚ್ಚಿ ಹಿಂದೆ ಸರಿದ. ಮತ್ತೆ ಕಿವಿ ಕೊಟ್ಟ. ಅವನ ಮೀಸೆ ನಿಧಾನಕ್ಕೆ ಅಗಲವಾಯಿತು. ಕಥೆ ಮುಗಿಯುವ ತನಕ ಅವನು ಬೆಲ್ಲದ ಡಬ್ಬಿಗೊರಗಿ ಕುಳಿತ. ಆಮೇಲೆ ಶಿವರಾಜಪ್ಪನವರನ್ನು ಕೇಳಿದ:

“ಈ ತಂತಿ ನಾಂದೇಡಕ್ಕೂ ಹೋಗ್ತದೇನ್ರಿ ಅಪ್ಪಾರ?”

“ದಿಲ್ಲಿಗೂ ಹೋಗ್ತದ. ನಂಬರ್ ತಿರಗಸಬೇಕು ಅಷ್ಟೇ.”

ಶಾಲುಬಾಯಿ ಮಕ್ಕಳನ್ನು ಸಾಲಾಗಿ ನಿಲ್ಲಿಸತೊಡಗಿದಳು. ಈಗ ಒತ್ತಾಯ ಮಾಡಿದರೆ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು.

“ಸಖು ಇರಲಿ ನಿಮ್ಮ ಕಡಿ,” ಎಂದ ಧೊಂಡಿಬಾ. “ಆದ್ರ ಇಕಿ ಇಷ್ಟೇ ಜೋರ್ ಮಾತಾಡಬೇಕು. ಅವರವ್ವಗ ಒಂದು ಕಿವಿ ಮಂದ.”

ಉಳಿದದ್ದು ಅಂಗಡಿಯ ಫೋನ್ ನಂಬರನ್ನು ಒಯ್ಯುವುದು ಹೇಗೆಂಬ ಪ್ರಶ್ನೆ. ಚೀಟಿ ಗಾಳಿಗೋ ಮೇಕೆಗೋ ಹೋಗುತ್ತದೆ ಎಂದ ಧೊಂಡಿಬಾ. ಭಾನುವಾರ ಬೆಳಿಗ್ಗೆ, ಕುರಿಗೆ ಗುರುತು ಹಾಕುವ ಕೆಂಪು ಬಣ್ಣ ತಂದು ಮಗಳ ಕೈಯಲ್ಲೇ ಮುಂದಾಳು ಟಗರಿನ ಮೈಮೇಲೆ ಬರೆಸಿದ. ಎಡ ಮಗ್ಗುಲಿಗೆ ಊರಿನ ಕೋಡ್, ಬಲ ಮಗ್ಗುಲಿಗೆ ನಂಬರ್. ಶಾಲುಬಾಯಿ ಎರಡೂ ಕಡೆ ಓದಿ, ಒಂದು ಏಳನ್ನು ತಿದ್ದಿಸಿದಳು.

ಹನ್ನೊಂದನೇ ದಿನ ಮಧ್ಯಾಹ್ನ ಶಿವರಾಜಪ್ಪನವರ ಫೋನ್ ಹೊಡೆಯಿತು. ಆ ಕಡೆಯ ಬೂತಿನವನು ಮರಾಠಿಯಲ್ಲಿ ಬೈಯುತ್ತಿದ್ದ. ಅಂಗಡಿಯೊಳಗೆ ಟಗರು ನಿಂತಿದೆ, ಒಂದು ಕಡೆ ಓದಿಯಾಯಿತು, ಇನ್ನೊಂದು ಕಡೆ ತಿರುಗಿಸಲು ಹೋದರೆ ಗುದ್ದುತ್ತದೆ, ಇಷ್ಟು ಹೊತ್ತು ಬೇಕಾಯಿತು ಎಂದ. ಸಖು ಶಾಲೆಯಿಂದ ಓಡಿ ಬಂದಳು, ಹಿಂದೆಯೇ ಶಾಲುಬಾಯಿ.

“ಅಪ್ಪಾ, ಮರಿ ಎಷ್ಟು?”

“ಹನ್ನೆರಡು. ತಡಿ, ನಿಮ್ಮವ್ವ ಕಸಗೊಳ್ಳಾಕತ್ತಾಳ.”

ಅವ್ವ ಲಲಿತಾಬಾಯಿಯ ದನಿ ಅಂಗಡಿ ತುಂಬಿತು. ಉಂಡೆಯಾ, ತಲೆ ಬಾಚಿದೆಯಾ, ರಾತ್ರಿ ಚಳಿಗೆ ಹೊದ್ದೆಯಾ ಎಂದು ಉಸಿರು ಬಿಡದೆ ಕೇಳಿದಳು. ಸಖು ಮೂರಕ್ಕೂ ಅಷ್ಟೇ ಜೋರಾಗಿ ಹೌದೆಂದಳು. ಸಕ್ಕರೆ ಕೊಳ್ಳಲು ಬಂದಿದ್ದ ಮುದುಕನೊಬ್ಬ ಕಿವಿ ಮುಚ್ಚಿಕೊಂಡ.

“ಗಣಿತ ಮುಗೀತಂತ ಹೇಳು,” ಎಂದಳು ಶಾಲುಬಾಯಿ.

“ಗಣಿತ ಮುಗೀತಬೇ!”

“ಯಾರ ಮುಗದ್ರು? ಯಾರ ಸತ್ರು?” ಎಂದು ಆ ಕಡೆ ಅವ್ವ ಗಾಬರಿಯಾದಳು.

“ಪಾಠಬೇ, ಪಾಠ!” ಎಂದು ಸಖು ನಗುತ್ತ ಕೂಗಿ, ಬಾಕಿ ಉಳಿದ ಸುದ್ದಿಯನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.