ಒಬ್ಬರಿಗೆ ಒಂದೇ ಕೆಲಸ ಎಂದ ಬಸವಕುಮಾರ

ಕಂಪನಿಯವರ ಫೋನ್ ಬಂದರೆ ಬಸವಕುಮಾರ ಎದ್ದು ನಿಲ್ಲುತ್ತಿದ್ದ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿರಲಿ, ಮೈಸೂರು ರಸ್ತೆಯ ತುಂಬಿದ ಬಸ್ಸಿನಲ್ಲಿ ಹೇಗೋ ಸಿಕ್ಕ ಕಿಟಕಿ ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿರಲಿ, ಫೋನಿನ ಮೇಲೆ ಯಾವುದೋ ಕಾರ್ಖಾನೆಯ ಹೆಸರು ಕಂಡದ್ದೇ ತಡ, ಎದ್ದು, ಕೋಟಿನ ಗುಂಡಿ ಹಾಕಿಕೊಂಡು, "ನಮಸ್ಕಾರ ಸಾರ್, ರಾಮನಗರದಿಂದ ಬಸವಕುಮಾರ್" ಎನ್ನುತ್ತಿದ್ದ. ಆ ಕಡೆ ಇರುತ್ತಿದ್ದವರು ಬಹಳ ಸಲ ಅವನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವರು. ಇವನು ಮಾತು ಮುಗಿಸುವಷ್ಟರಲ್ಲಿ ಬಸ್ಸಿನ ಸೀಟಿನಲ್ಲಿ ಇನ್ನಾರೋ ಕೂತಾಗಿರುತ್ತಿತ್ತು. ಅದನ್ನು ಅವನು ಗಮನಿಸುತ್ತಲೂ ಇರಲಿಲ್ಲ. "ಅವರಿಗೇನು ನೀನು ಕಾಣ್ತೀಯೇನೋ?" ಎಂದು ಒಮ್ಮೆ ಕೇಳಿದೆ. "ಕಾಣಾಕಿಲ್ಲ ಕಣ್ಲಾ ಸ್ವಾಮಿ. ಕೂತ್ಕಂಡು ಮಾತಾಡುದ್ರೆ ಗಂಟ್ಲು ಬೇಡೋ ತರ ಬತ್ತದೆ. ನಿಂತ್ಕಂಡ್ರೆ ಕೇಳೋ ತರ ಬತ್ತದೆ" ಎಂದ.

ಅವನು ಹೋಗಿ ಆರು ತಿಂಗಳಾಗುತ್ತ ಬಂತು. ಬಿಡದಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮರಳವಾಡಿಯ ಪಕ್ಕದ ಅವರ ಹೊಲದಲ್ಲಿ, ಅವರ ಮನೆಯ ಪದ್ಧತಿಯಂತೆ, ಕೂರಿಸಿ ಮಣ್ಣು ಮಾಡಿದರು. ಆಮೇಲೆ ಕಾಲೇಜಿಗೆ ಬಂದು ನಾನು ಪಾಠ ಮಾಡಿದ್ದೇನೆ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ್ದೇನೆ. ಎದುರಿನ ಅವನ ಮೇಜಿನ ಕಡೆ ನೋಡದೆ ಇರುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಅವನು ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ, ನಾನು ಎಂಜಿನಿಯರಿಂಗ್ ಹುಡುಗರಿಗೆ ಕನ್ನಡ ಹೇಳುವವನು. ನನ್ನ ವಿಷಯದಲ್ಲಿ ಯಾರೂ ಫೇಲಾಗುವುದಿಲ್ಲ, ಅದಕ್ಕಾಗಿ ಯಾರೂ ಹೆದರುವುದೂ ಇಲ್ಲ. ಅವನ ವಿಷಯಕ್ಕೆ ಎಲ್ಲರೂ ಹೆದರುತ್ತಿದ್ದರು. ಪಾಠದ ಜೊತೆಗೆ ಪ್ಲೇಸ್‌ಮೆಂಟಿನ ಹೊಣೆಯೂ ಅವನದಾಗಿತ್ತು; ಎಲ್ಲರೂ ಒಲ್ಲೆನೆಂದ ಕೆಲಸ ಅದು, ಇವನು ಒಲ್ಲೆ ಎನ್ನುವುದನ್ನು ಮರೆತ. ಕುಳ್ಳಗಿನ ಆಳು, ನಡೆಯುವಾಗ ತಲೆ ಮುಂದೆ, ಮೈ ಹಿಂದೆ, ಎದುರುಗಾಳಿಯಲ್ಲಿ ಸೈಕಲ್ ತುಳಿಯುವವನಂತೆ. ಯಾವ ಮಾತಿಗೂ ಮೊದಲು "ಅದು ಹಂಗಿರ್ಲಿ" ಎಂದು ಸೇರಿಸುವುದು ಅಭ್ಯಾಸ. ಎದುರಿನವರು ಹೇಳಿದ್ದನ್ನೆಲ್ಲ ಪಕ್ಕಕ್ಕೆ ಸರಿಸಿಟ್ಟು ತನ್ನದನ್ನು ಆರಂಭಿಸಲು ಅದೊಂದು ಉಪಾಯ.

ಅವನ ಕಂದು ಕೋಟು ಬೇಸಿಗೆಯಲ್ಲೂ ಮೈಮೇಲಿರುತ್ತಿತ್ತು. ಅದರ ಎರಡೂ ಜೇಬುಗಳು ಸದಾ ಉಬ್ಬಿರುತ್ತಿದ್ದವು, ಗಂಟು ಹಾಕಿ ಸಿದ್ಧವಾಗಿಟ್ಟ ಟೈಗಳಿಂದ. ಸಂದರ್ಶನದ ದಿನ, ಮಾಗಡಿ ಬಸ್ಸಿನಿಂದಲೋ ಚನ್ನಪಟ್ಟಣದ ರೈಲಿನಿಂದಲೋ ಇಳಿದು ಬೆವರಿಕೊಂಡು ಓಡಿ ಬಂದ ಹುಡುಗರನ್ನು ಬಾಗಿಲಲ್ಲಿ ತಡೆದು, ಹಾರ ಹಾಕುವಂತೆ ಒಬ್ಬೊಬ್ಬರ ಕೊರಳಿಗೂ ಒಂದೊಂದು ಇಳಿಬಿಡುತ್ತಿದ್ದ. "ಗಂಟು ಬಿಚ್ಚಬ್ಯಾಡ್ರಲೇ! ಕಟ್ಟಾಕೆ ನಂಗೂ ಬರಾಕಿಲ್ಲ" ಎಂದು ಕೂಗುತ್ತಿದ್ದ. ಚನ್ನಪಟ್ಟಣದಲ್ಲಿ ಶಾಲೆಯ ಯೂನಿಫಾರಂ ಮಾರುವ ಆಫ್ತಾಬ್ ಎಂಬುವವನು ಎಲ್ಲಕ್ಕೂ ಒಮ್ಮೆಲೇ ಗಂಟು ಹಾಕಿಕೊಟ್ಟಿದ್ದನಂತೆ. ಅವೇ ಗಂಟುಗಳು ಎಷ್ಟೋ ತಂಡಗಳ ಕೊರಳು ಹತ್ತಿ ಇಳಿದವು.

ನಮ್ಮ ಕಾಲೇಜಿಗೆ ಕಂಪನಿಗಳು ತಾವಾಗಿ ಬರುವುದಿಲ್ಲ. ರಾಜಧಾನಿಯ ದೊಡ್ಡ ಕಾಲೇಜುಗಳನ್ನು ಮುಗಿಸಿ, ಇನ್ನೂ ಜನ ಬೇಕೆನಿಸಿದರೆ, ದಾರಿ ಕೇಳಿಕೊಂಡು ಬರುತ್ತವೆ. ಹುಡುಗರಿಗೂ ಅದು ಗೊತ್ತು. ಮೂರನೆಯ ವರ್ಷದವರೆಗೆ ಲ್ಯಾಬು, ಬ್ಯಾಕ್‌ಲಾಗು, ಹಾಸ್ಟೆಲಿನ ಸಾರು ಎಂದು ಜಗಳವಾಡಿಕೊಂಡಿದ್ದವರು ಕೊನೆಯ ವರ್ಷಕ್ಕೆ ಕಾಲಿಟ್ಟ ಕೂಡಲೇ ಮೌನಿಗಳಾಗುತ್ತಾರೆ. ಬಸವಕುಮಾರ ಬೈಕಿನಲ್ಲಿ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳ ಗೇಟು ಗೇಟು ಅಲೆದು, ವಾಚ್‌ಮನ್ನರ ಸ್ನೇಹ ಮಾಡಿ ಒಳಗೆ ಹೋಗಿ, ಕಂಪನಿಯವರನ್ನು ಕರೆತರುತ್ತಿದ್ದ. ಹಾಗೆ ಬಂದ ಕೆಲಸಗಳನ್ನು ಹಂಚಲು ಅವನೊಂದು ನಿಯಮ ಮಾಡಿದ್ದ: ಒಬ್ಬರಿಗೆ ಒಂದೇ ಕೆಲಸ. ಒಂದು ಕಡೆ ಆಯ್ಕೆಯಾದವರು ಮುಂದಿನ ಕಂಪನಿಗೆ ಕೂರುವಂತಿಲ್ಲ. ಹಲವು ಕಾಲೇಜುಗಳಲ್ಲಿ ಇಂಥ ನಿಯಮವಿದೆ, ಸಂಬಳ ಹೆಚ್ಚಿದ್ದರೆ ಸಡಿಲಿಸುತ್ತಾರೆ. ಇವನು ಸಡಿಲಿಸುತ್ತಿರಲಿಲ್ಲ.

ಸೌಮ್ಯಶ್ರೀ ಎಂಬ ಹುಡುಗಿ ಆ ನಿಯಮಕ್ಕೆ ಸಿಕ್ಕಿಕೊಂಡಳು. ಮಾಗಡಿ ಕಡೆಯವಳು, ಆ ವರ್ಷದ ಮೆಕ್ಯಾನಿಕಲ್‌ಗೆ ಮೊದಲಿಗಳು. ಯಂತ್ರದ ನಕ್ಷೆ ಬರೆಯಲು ಕೂತರೆ ಊಟಕ್ಕೆ ಕರೆದರೂ ಕೇಳಿಸದಂಥವಳು. ಹಾರೋಹಳ್ಳಿಯ ಒಂದು ಕಾರ್ಖಾನೆ ಅವಳನ್ನು ಗುಣಮಟ್ಟ ಪರೀಕ್ಷಿಸುವ ವಿಭಾಗಕ್ಕೆ ತೆಗೆದುಕೊಂಡಿತು. ತಿಂಗಳು ಕಳೆಯುವುದರೊಳಗೆ ಬಿಡದಿಯಿಂದ ದೊಡ್ಡ ಕಂಪನಿಯೊಂದು ಬರುತ್ತೇವೆಂದಿತು, ಡಿಸೈನ್ ವಿಭಾಗಕ್ಕೆ ಜನ ಬೇಕೆಂದು. ಅವಳು ನಾಲ್ಕು ವರ್ಷ ಕಾದದ್ದು ಅಂಥದ್ದಕ್ಕೆ. ಬೈಕ್ ಸ್ಟ್ಯಾಂಡಿನ ಹೊಂಗೆ ಮರದ ಕೆಳಗೆ ಅವನನ್ನು ತಡೆದು ನಿಲ್ಲಿಸಿದಳು. ನಾನು ಪಕ್ಕದಲ್ಲೇ ಇದ್ದೆ.

"ಸಾರ್, ಟೆಸ್ಟ್ ಬರಿಯಾಕೆ ಬುಡಿ ಸಾಕು. ಸೆಲೆಕ್ಟ್ ಆದ್ರೆ ಹಾರೋಹಳ್ಳಿದು ಬುಟ್ಬುಡ್ತೀನಿ. ಯಾರಿಗೇನು ನಷ್ಟ ಐತೆ?"

"ಅದು ಹಂಗಿರ್ಲಿ. ನೀನು ಬುಟ್ರೆ ಆ ಕಂಪನಿಯೋರು ಬರೋ ವರ್ಷ ನಮ್ ಗೇಟ್ ತಾವ್ಕೂ ಬರಾಕಿಲ್ಲ ಕಣಮ್ಮ."

"ಬರೋ ವರ್ಷದೋರು ಯಾರೋ ಏನೋ. ಅವ್ರಿಗೋಸ್ಕರ ನಾನ್ಯಾಕೆ ಸಾರ್ ಬುಡಬೇಕು?"

"ಈ ವರ್ಷದೋರೂ ಅವ್ರೆ. ನಿಂಗೆ ಒಂದ್ ಸಿಕ್ಕೈತೆ. ಅವ್ರಿಗೆ ಒಂದೂ ಇಲ್ಲ."

"ಚೆನ್ನಾಗಿ ಓದಿದ್ದಕ್ಕೆ ಫೈನ್ ಹಾಕ್ತಾ ಇದೀರ ಸಾರ್ ನೀವು."

ಬಸವಕುಮಾರ "ಅದು ಹಂಗಿರ್ಲಿ" ಎಂದ. ಆ ಎರಡು ಶಬ್ದಗಳು ಒಂಟಿಯಾಗಿ ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂದು ಸಂಜೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ನಾನು ಅವನ ಮೇಲೆ ಹರಿಹಾಯ್ದೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ, ನಿನ್ನ ನಿಯಮವನ್ನು ಒಮ್ಮೆ ಮುರಿದರೆ ಆಕಾಶ ಬೀಳುತ್ತದೆಯೇ ಎಂದೆ.

"ಆಕಾಶ ಬೀಳಾಕಿಲ್ಲ ಕಣ್ಲಾ. ಮುಜೀಬ್ ಬೀಳ್ತಾನೆ."

ಮುಜೀಬ್ ಅದೇ ತರಗತಿಯ ಹುಡುಗ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮಗ. ಗಣಿತದ ಪೇಪರನ್ನು ಮತ್ತೆ ಮತ್ತೆ ಬರೆದು ದಾಟಿದ್ದ. ಬಂದ ಪ್ರತಿ ಕಂಪನಿಯ ಟೆಸ್ಟಿನಲ್ಲೂ ಒಂದೇ ಒಂದು ಸ್ಥಾನದಿಂದ ಹೊರಗುಳಿಯುತ್ತಿದ್ದ.

"ಅವನು ಬೀಳ್ತಾನೆ ಅಂತ ನಿನಗೇನು ಗೊತ್ತು? ಶಾಸ್ತ್ರ ಹೇಳ್ತೀಯಾ?"

"ಶಾಸ್ತ್ರ ಯಾಕ್ಲಾ ಬೇಕು? ಸರ್ತಿಸರ್ತಿಗೂ ಇನ್ನೊಬ್ರ ಬೆನ್ನು ನೋಡ್ಕಂಡೇ ಈಚೆ ಬತ್ತಾ ಅವ್ನೆ. ಒಂದ್ಸಲ ಆ ಬೆನ್ನು ಇಲ್ದೇ ಇರ್ಲಿ ಬುಡು. ಒಸಿ ಚಟ್ನಿ ಹಾಕುಸ್ಕೊ, ಇಡ್ಲಿ ಒಣಗ್ತಾ ಐತೆ."

ಕಂಪನಿಯವರು ಬಂದ ದಿನ ಸೌಮ್ಯಶ್ರೀಯೂ ಬಂದಳು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸೆಮಿನಾರ್ ಹಾಲಿನ ಹೊರಗೆ, ಕಂಬಕ್ಕೆ ಒರಗಿ ನಿಂತಳು. ಒಳಗೆ ಬರುತ್ತೇನೆಂದು ಕೇಳಲಿಲ್ಲ, ಮನೆಗೆ ಹೋಗಲೂ ಇಲ್ಲ. ನೀರು, ಕಾಫಿಯ ಉಸ್ತುವಾರಿಗೆಂದು ನಾನು ಬಾಗಿಲಲ್ಲಿದ್ದೆ. ಬಂದವರಲ್ಲಿ ಹಿರಿಯ ಅಧಿಕಾರಿ ಮೊದಲೇ ಕಳಿಸಿದ್ದ ಅಂಕಗಳ ವಿವರ ನೋಡಿ, "ನಿಮ್ಮ ಟಾಪರ್ ಕಾಣ್ತಿಲ್ಲವಲ್ಲ, ಎಲ್ಲಿ?" ಎಂದರು.

"ಆಕೆಗೆ ಆಗಲೇ ಕೆಲಸ ಆಗಿದೆ ಸಾರ್."

"ಪರವಾಗಿಲ್ಲ, ಕರೆಸಿ. ನಮಗೆ ಅಂಥವರೇ ಬೇಕು."

ಬಾಗಿಲಾಚೆ ಆ ಹುಡುಗಿ ಕಂಬ ಬಿಟ್ಟು ನೆಟ್ಟಗೆ ನಿಂತದ್ದು ನನಗೆ ಕಂಡಿತು. ಅವನಿಗೂ ಕಂಡಿತು. ಒಂದು ತಲೆಯಾಡಿಸಿದರೆ ಸಾಕಿತ್ತು. ನಿಯಮ ಮುರಿದವನು ತಾನಲ್ಲ, ಕಂಪನಿಯವರು ಎನ್ನಬಹುದಿತ್ತು. ವರ್ಷವಿಡೀ ಗೇಟು ಕಾದು ಕರೆತಂದವರು ಎದ್ದು ಹೋದರೆ ಎಂಬ ಭಯ ನನಗೇ ಇತ್ತು, ಅವನಿಗೆ ಇರದೆ ಹೋದೀತೇ? ಕೋಟಿನ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದ.

"ಕರೆಸೋಕೆ ಆಗಲ್ಲ ಸಾರ್. ಇಲ್ಲಿ ಇರೋರನ್ನ ನೋಡಿ. ಇವರನ್ನ ನೋಡದೆ ಹೋಗಬೇಡಿ."

ಅಧಿಕಾರಿ ಅಂಕಗಳ ಹಾಳೆ ಪಕ್ಕಕ್ಕಿಟ್ಟು, ಪೆನ್ನಿನ ಕ್ಯಾಪು ತೆಗೆದರು. ಕಂಬದ ಬಳಿ ಯಾರೂ ಇರಲಿಲ್ಲ. ಸಂಜೆ ಹೆಸರುಗಳನ್ನು ಓದಿದಾಗ ಕೊನೆಯದು ಮುಜೀಬನದು. ಹುಡುಗರು ಅವನನ್ನು ಹೊತ್ತು ಕುಣಿಸಿದರು. ಕೊರಳಿನ ಟೈಯ ಗಂಟು ಬಿಚ್ಚಿಹೋಯಿತು. "ನನ್ಮಗ್ನೆ, ಆಫ್ತಾಬಂಗೆ ಏನ್ಲಾ ಹೇಳ್ಲಿ?" ಎಂದು ಬಸವಕುಮಾರ ಬೈದ. ಬೈಯುವಾಗಲೂ ಅವನ ಕಣ್ಣು ಮಾಗಡಿ ಬಸ್ಸು ಹೋಗುವ ರಸ್ತೆಯ ಕಡೆ ಇತ್ತು.

ಸೌಮ್ಯಶ್ರೀ ಹಾರೋಹಳ್ಳಿಗೇ ಹೋದಳು. ಆಮೇಲೆ ಅವನೊಂದಿಗೆ ಮಾತಾಡಲಿಲ್ಲ. ಎರಡು ವರ್ಷಗಳ ಮೇಲೆ, ತಾನಾಗಿ ಪರೀಕ್ಷೆ ಬರೆದು, ಬೇರೆಲ್ಲೋ ಡಿಸೈನ್ ವಿಭಾಗ ಸೇರಿದಳೆಂದು ಕೇಳಿದಾಗ ಅವನು ಊಟದ ಡಬ್ಬಿ ಮುಚ್ಚಿ, "ಎರಡ್ ವರ್ಷ" ಎಂದಷ್ಟೇ ಹೇಳಿ ತರಗತಿಗೆ ಎದ್ದು ಹೋದ. ತಾನು ಮಾಡಿದ್ದು ಸರಿ ಎಂದು ಅವನು ವಾದಿಸಿದ್ದನ್ನು ನಾನು ಬಲ್ಲೆ. ಅದರಿಂದ ಅವನಿಗೆ ಸಮಾಧಾನ ಸಿಕ್ಕಿದ್ದನ್ನು ಕಾಣೆ.

ಮಣ್ಣು ಮಾಡಿದ ದಿನ ಮರಳವಾಡಿಗೆ ಇಬ್ಬರೂ ಬಂದಿದ್ದರು. ಮುಜೀಬ್ ಯಾರೂ ಹೇಳದೆಯೇ ಗುದ್ದಲಿ ಹಿಡಿದು ಬಿಕ್ಕುತ್ತ ಮಣ್ಣು ಎಳೆಯುತ್ತಿದ್ದ. ಸೌಮ್ಯಶ್ರೀ ಹೊಲದ ಬದುವಿನ ಮೇಲೆ ನನ್ನ ಪಕ್ಕ ನಿಂತಿದ್ದಳು. "ಸಾರ್ ಮಾಡಿದ್ದು ತಪ್ಪು ಅಂತ್ಲೇ ಈಗ್ಲೂ ಅಂತೀನಿ ಸಾರ್" ಎಂದಳು.

"ಹೇಳಮ್ಮ. ಅವನಿಗೂ ಅದು ಕೇಳಿಸ್ಕೊಂಡು ಅಭ್ಯಾಸ ಇತ್ತು."

ಅವಳು ಮುಜೀಬನ ಕಡೆಯೇ ನೋಡುತ್ತಿದ್ದಳು. "ಆ ಕೊನೇ ಹೆಸ್ರು ನಂದಾಗ್ಬೇಕಿತ್ತು ಅಂತ ಅವ್ನಿಗೆ ಗೊತ್ತಾ?"

"ಇಲ್ಲ."

"ಹೇಳ್ಬ್ಯಾಡಿ. ಟೆಸ್ಟ್ ಬರ್ದಿದ್ದು ಅವ್ನೇ ತಾನೆ." ಚಪ್ಪಲಿ ಬದುವಿನ ಮೇಲೆ ಬಿಟ್ಟು, ಕೆಳಗಿಳಿದು, ಒಂದು ಹಿಡಿ ಮಣ್ಣು ಹಾಕಿ ಬಂದಳು.

ಸ್ವಲ್ಪವೇ ಇರುವುದನ್ನು ಬಹಳ ಜನಕ್ಕೆ ಹಂಚುವ ಕೆಲಸ ಬಿದ್ದವರ ಪಾಡು ಹೀಗೆಯೇ ಏನೋ. ಪಡೆದವರು ತಮ್ಮ ಶಕ್ತಿಯಿಂದ ಪಡೆದೆವೆಂದು ತಿಳಿಯುತ್ತಾರೆ, ಹಾಗೆ ತಿಳಿಯುವುದೇ ಅವರಿಗೆ ಒಳ್ಳೆಯದು. ಕಳೆದುಕೊಂಡವರಿಗೆ ಮಾತ್ರ ಯಾರ ಕೈಯಿಂದ ಎಂಬುದು ನಿಚ್ಚಳವಾಗಿ ಗೊತ್ತಿರುತ್ತದೆ. ಇಂಥವರು ಮಾಡಿದ ಉಪಕಾರಕ್ಕೆ ಸಾಕ್ಷಿಯಿಲ್ಲ, ಅನ್ಯಾಯಕ್ಕೆ ಉಂಟು. ಇದನ್ನು ತಿಳಿದೂ ಮರುದಿನ ಬೆಳಿಗ್ಗೆ ಮತ್ತೊಂದು ಗೇಟಿನ ಮುಂದೆ ಹೋಗಿ ನಿಲ್ಲುವವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರನ್ನು ಪೂರ್ತಿ ಒಪ್ಪುವುದು ಕಷ್ಟ. ಅವರಿಲ್ಲದ ಊರಿನಲ್ಲಿ, ಸಾಲಿನ ಕೊನೆಯಲ್ಲಿ ನಿಂತವರ ಹೆಸರನ್ನು ಯಾರೂ ಓದುವುದಿಲ್ಲ.