ಕಪಾಟಿನ ಬುದ್ಧ

“ಕೈ ತಗೀಲೇ ಸೂಳೆಮಗನ! ಬಣ್ಣ ಹಚ್ಚಿದ ಗೇಟೈತಿ. ಅಲ್ಲಿಂದನ ಕೇಳಾಕ ಬರೂದಿಲ್ಲೇನ?”

ಗಟಾರ ಬಳಿಯುವುದು ಬಿಟ್ಟು ಮೇಲೆ ಬಂದು ಕುಡಿಯಲು ನೀರು ಕೇಳಿದ್ದ ದುರ್ಗಪ್ಪ ಗೇಟಿನಿಂದ ಕೈ ತೆಗೆದ. ಬೈದ ಮನೆಯ ಮಾಲೀಕ ಸದಾಶಿವಪ್ಪ ಕಟ್ಟೆಯ ಮೇಲಿನ ಕುರ್ಚಿಯಿಂದ ಏಳಲಿಲ್ಲ. ಬಾಡಿಗೆಗಿದ್ದ ಯುವರಾಜನ ಕಡೆ ತಿರುಗಿದ.

“ಇವ್ರನ್ನ ಎಲ್ಲಿ ಇಡಬೇಕೋ ಅಲ್ಲೇ ಇಡಬೇಕ್ರಿ ಸಾಹೇಬ್ರ. ಖರೇನೋ ಸುಳ್ಳೋ?”

“ಹೂಂ ರಿ,” ಎಂದ ಯುವರಾಜ.

ತಿರುಗಿದರೆ ಬಾಗಿಲಲ್ಲಿ ಅವ್ವ ಲಗಮವ್ವ. ಬೆಳಗಿನ ಬಸ್ಸಿಗೆ ಮುನವಳ್ಳಿಯಿಂದ ಬಂದಿದ್ದಳು. ಒಳಗೆ ಹೋದಳು. ಅವನೂ ಹಿಂದೆಯೇ ಹೋದ. ಅವಳು ಗೋಡೆಯ ಮೇಲಿನ ಎಲ್ಲಮ್ಮನ ಫೋಟೊ, ಅದರ ಮುಂದೆ ಉರಿಯುತ್ತಿದ್ದ ದೀಪ ನೋಡುತ್ತ ನಿಂತಿದ್ದಳು.

“ಯಾವಾಗ ತಂದಿ?”

“ಮನಿ ಹಿಡಿಯೂಮುಂದ. ಬೈಲಹೊಂಗಲದಾಗ ಐದು ಮನಿ ಕೇಳೇನವ್ವಾ. ಎಲ್ಲಾರೂ ‘ನೀವು ಯಾವ ಮಂದಿ’ ಅನ್ನಾವ್ರ. ಇಲ್ಲಿ ಬೋರಿನ ನೀರೈತಿ, ನಿನ್ನ ಮೊಮ್ಮಗಳು ಪ್ರಣಿತಾನ ಸಾಲಿ ಎದುರಿಗೇ ಐತಿ.”

ಅವನಿಗೆ ಬ್ಯಾಂಕಿನಲ್ಲಿ ನೌಕರಿ. ಅಡ್ಡಹೆಸರು ಮುನವಳ್ಳಿ, ಅದು ಊರು ಹೇಳುತ್ತದೆ, ಕೇರಿ ಹೇಳುವುದಿಲ್ಲ.

“ಬುದ್ಧ ಎಲ್ಲ್ಯದಾನ?”

ಅವನು ಕಪಾಟಿನ ಕಡೆ ನೋಡಿದ. ಲಗಮವ್ವ ತೆಗೆದಳು. ಇಸ್ತ್ರಿ ಮಾಡಿದ ಅಂಗಿಗಳ ಹಿಂದೆ, ಬನಿಯನ್ನಿನಲ್ಲಿ ಸುತ್ತಿಟ್ಟ ಫೋಟೊ ಸಿಕ್ಕಿತು.

ಹನ್ನೆರಡು ವರ್ಷದ ಹಿಂದೆ, ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ಅವಳ ಅತ್ತೆಯ ಕಾಲದ, ತಲೆಯ ಮೇಲೆ ಹೊತ್ತು ಜೋಗ ಬೇಡುವ ಎಲ್ಲಮ್ಮನ ಪಡಲಗಿ ಬುಟ್ಟಿಯನ್ನು ಅವಳ ಕೈಯಿಂದಲೇ ಮಲಪ್ರಭಾ ಹೊಳೆಗೆ ಬಿಡಿಸಿದವನು ಯುವರಾಜನೇ. ದೇವಿಯನ್ನು ನೀರಿಗೆ ಹಾಕಿದವಳೆಂದು ಊರಿನ ಹೊಲದವರ್ಯಾರೂ ಆ ಹಂಗಾಮಿನಲ್ಲಿ ಅವಳನ್ನು ಕೂಲಿಗೆ ಕರೆಯಲಿಲ್ಲ. ಹತ್ತಿ ಬಿಡಿಸಲು ದಿನಾ ಆರು ಕಿಲೋಮೀಟರು ನಡೆದು ಪರವೂರಿಗೆ ಹೋದಳು. ಪಡಲಗಿ ಮಾತ್ರ ಮತ್ತೆ ಹೊರಲಿಲ್ಲ.

“ಇದರಾಗ ಉಸಿರರೆ ಆಡ್ತೈತೇನೋ ಅವಗ?” ಎಂದಳು.

ಅಷ್ಟರಲ್ಲಿ ಜಾತಿ ಸಮೀಕ್ಷೆಯ ಮಾಸ್ತರು ಬಂದರು. ಕಟ್ಟೆಯ ಮೇಲೆ ಕೂತು, ಮೊಬೈಲ್ ನೋಡಿಕೊಂಡು ಹೊರಬಂದ ಯುವರಾಜನನ್ನು ಒಂದೊಂದೇ ಕೇಳತೊಡಗಿದರು.

“ಧರ್ಮ?”

ಸದಾಶಿವಪ್ಪ ಕುರ್ಚಿಯಲ್ಲೇ ಇದ್ದ.

“ಹಿಂದೂ,” ಎಂದ ಯುವರಾಜ. “ಜಾತಿ ಹೇಳೂದಿಲ್ಲ ಅಂತ ಹಾಕ್ರಿ.”

“ಕಲತವ್ರಂದ್ರ ಹಿಂಗಿರಬೇಕು ನೋಡ್ರಿ,” ಸದಾಶಿವಪ್ಪ ತಲೆದೂಗಿದ.

“ರೇಷನ್ ಕಾರ್ಡಿನಾಗ ನಿಮ್ಮ ಅವ್ವನ ಹೆಸರೂ ಐತಲ್ರಿ, ಅವರ್ದೂ ಹಂಗ ಹಾಕ್ಲೇನ್ರಿ?” ಎಂದರು ಮಾಸ್ತರು.

“ನಂದು ಬೌದ್ಧ ಅಂತ ಹಾಕ್ರಿ,” ಎಂದಳು ಲಗಮವ್ವ ಬಾಗಿಲಿನಿಂದ.

ಕುರ್ಚಿ ಕಿರುಗುಟ್ಟಿತು. “ಏನಂದ್ಳು ಮುದುಕಿ?”

ಮಾಸ್ತರು ಯುವರಾಜನ ಮುಖ ನೋಡಿದರು. ಎದುರಿನ ಶಾಲೆಯ ಗಂಟೆ ಹೊಡೆಯಿತು.

“ವಯಸ್ಸಾಗೈತ್ರಿ. ಯಾರ್ದೋ ಮಾತ ಕೇಳಿ ಅಂತಾಳ. ಹಿಂದೂ ಹಾಕ್ರಿ,” ಎಂದ.

“ಹೌದ್ರಿ ಮಾಸ್ತರ,” ಎಂದಳು ಅವ್ವ, “ಯಾರ್ದೋ ಮಾತ ಕೇಳಿದ್ದೆ.”

ಒಳಗೆ ಹೋದಳು. ಕಪಾಟಿನ ಬಾಗಿಲು ಕಿರ್ ಎಂದಿತು. ಬಗಲಲ್ಲಿ ಬುದ್ಧನ ಫೋಟೊ, ಕೈಯಲ್ಲಿ ಒಂದು ತಂಬಿಗೆ ನೀರು ಹಿಡಿದು ಹೊರಬಂದವಳು ಕಟ್ಟೆಯಿಳಿದು ಗೇಟನ್ನು ಪೂರ್ತಿ ತೆರೆದಳು. ತಂಬಿಗೆಯನ್ನು ಗಟಾರದ ದಂಡೆಯಲ್ಲಿ ಕೂತಿದ್ದ ದುರ್ಗಪ್ಪನ ಕೈಗೇ ಕೊಟ್ಟಳು. “ಕುಡಿ ಯಪ್ಪಾ,” ಎಂದಳು. ಮತ್ತೆ ಒಳಗೆ ಬರಲಿಲ್ಲ; ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

“ಮೊಬೈಲಿಗೆ ಓಟಿಪಿ ಬಂದಿರಬೇಕು ನೋಡ್ರಿ ಸಾಹೇಬ್ರ. ಹೇಳಿದ್ರ ಸಮೀಕ್ಷೆ ಮುಗೀತು,” ಎಂದರು ಮಾಸ್ತರು.

ಯುವರಾಜ ನೋಡಿದ. ಬಂದಿತ್ತು.

“ನಾಲ್ಕು,” ಎಂದ. “ಏಳು...” ಉಳಿದ ಅಂಕಿಗಳನ್ನು ಬಸ್‌ಸ್ಟ್ಯಾಂಡಿನ ದಾರಿ ನೋಡುತ್ತ ಮೆಲ್ಲಗೆ ಹೇಳಿದ.

“ಕೇಳಸವಲ್ದು,” ಎಂದರು ಮಾಸ್ತರು. “ಜೋರಾಗಿ ಹೇಳ್ರಿ.”