ಹೇಳದೆ ಉಳಿದ ಅರ್ಧ ಮಾತು

ಆ ಭಾನುವಾರ ಪೇಂಟರ್ ಊರವರ ಗೋಡೆಗಳಿಗೆ ರಜೆ ಕೊಟ್ಟು ತನ್ನ ಮನೆಯ ಗೋಡೆ ಉಜ್ಜುತ್ತಿದ್ದ. ಮೂರನೆಯ ಮಹಡಿಯ ಪುಟ್ಟ ಮನೆ ಅದು, ಲಿಫ್ಟ್ ಇಲ್ಲ. ಊರಿಗೆಲ್ಲ ಬಣ್ಣ ಬಳಿಯುವವನ ಮನೆಗೆ ಸುಣ್ಣಕ್ಕೂ ಗತಿಯಿಲ್ಲ ಎಂದು ಹೆಂಡತಿ ಮೊದಲೆಲ್ಲ ಚುಚ್ಚುತ್ತಿದ್ದಳು. ಈಗೀಗ ಚುಚ್ಚುವುದನ್ನೂ ಬಿಟ್ಟಿದ್ದಳು. ಹತ್ತು ವರ್ಷದ ಮಗ ಮಂಚದ ಮೇಲೆ ದಿಂಬಿಗೊರಗಿ ಕೂತು, ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ ಎಂದು ಅಪ್ಪನ ಮೇಲೆ ಮೇಸ್ತ್ರಿಕೆ ನಡೆಸಿದ್ದ. ದಿನವಿಡೀ ಆ ಗೋಡೆ ನೋಡುವವನು ಅವನೇ ಆದ್ದರಿಂದ ಬಣ್ಣ ಆರಿಸುವ ಅಧಿಕಾರವೂ ಅವನದೇ. ಹಳದಿ ಬೇಕೆಂದಿದ್ದ.

ಚಿಕ್ಕವನಿದ್ದಾಗ ಅವನನ್ನು ಎಲ್ಲರೂ ಪೈಲ್ವಾನ್ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ಅಪ್ಪನೇ. ಹುಡುಗನ ಮೀನಖಂಡಗಳು ಆಗಲೇ ಗಟ್ಟಿಯಾಗಿ ಉಬ್ಬಿಕೊಂಡಿದ್ದವು. ಏಣಿ ಹತ್ತುವ ಕಾಲು, ನನ್ನದೇ ಅಚ್ಚು ಎಂದು ಪೇಂಟರ್ ಕಂಡಕಂಡವರಿಗೆಲ್ಲ ಮಗನ ಪ್ಯಾಂಟು ಮೇಲೆತ್ತಿ ತೋರಿಸುತ್ತಿದ್ದ. ಅಂಥ ಕಾಲಿನವನು ಮೆಟ್ಟಿಲು ಹತ್ತಲು ಒದ್ದಾಡಿದರೆ, ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ತನ್ನ ಮೈಯನ್ನೇ ಹತ್ತಿದ ಹಾಗೆ ಎದ್ದರೆ, ಅದು ಸೋಮಾರಿತನವಲ್ಲದೆ ಇನ್ನೇನು? ಪೇಂಟರ್ ಮಗನನ್ನು ದಿನಾ ಮೆಟ್ಟಿಲು ಹತ್ತಿಸಿ ಇಳಿಸಿದ. ಅತ್ತರೂ ಬಿಡಲಿಲ್ಲ. ಒಂದು ಸಂಜೆ ಆಗುವುದಿಲ್ಲವೆಂದು ಅರ್ಧದಲ್ಲೇ ಕೂತುಬಿಟ್ಟವನ ಕೆನ್ನೆಗೆ ಬಾರಿಸಿಯೂ ಬಿಟ್ಟ. ಅದಾಗಿ ಕೆಲವು ವಾರಗಳಲ್ಲೇ ಆಸ್ಪತ್ರೆಯಲ್ಲಿ ಗೊತ್ತಾಯಿತು. ಇದು ಸ್ನಾಯುಗಳು ಸವೆಯುತ್ತ ಹೋಗುವ ಕಾಯಿಲೆ. ಆ ಉಬ್ಬಿದ ಕಾಲು ಬಲವಲ್ಲ, ರೋಗ. ಔಷಧಿಯಿಂದ ತುಸು ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ.

ಆ ದಿನ ಹೆಂಡತಿ ಮಗನನ್ನು ಸಮಾಧಾನ ಮಾಡುತ್ತ ಹೊರಗೆ ಬೆಂಚಿನ ಮೇಲಿದ್ದಳು. ಒಳಗೆ ಡಾಕ್ಟರಮ್ಮನ ಮಾತು ಕೇಳಿಸಿಕೊಂಡವನು ಪೇಂಟರ್ ಒಬ್ಬನೇ. ಈ ದೋಷ ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದು ಅವರು ಹೇಳಿದರು. ಎಷ್ಟೋ ಮಕ್ಕಳಲ್ಲಿ ತಾಯಿಗೂ ಇಲ್ಲದ್ದು ಹೊಸದಾಗಿ ಹುಟ್ಟಿಕೊಳ್ಳುತ್ತದೆ, ಹೇಗೇ ಬಂದಿರಲಿ ಅದು ಯಾರ ತಪ್ಪೂ ಅಲ್ಲ, ಇದನ್ನು ನಿಮ್ಮ ಹೆಂಡತಿಗೆ ಮರೆಯದೆ ಹೇಳಿ ಎಂದೂ ಹೇಳಿದರು. ಪೇಂಟರ್ ಮೊದಲನೆಯ ಮಾತನ್ನಷ್ಟೇ ಮನೆಗೆ ತಂದ. ಹೊಡೆದ ಕೈ ಅವನನ್ನು ಸುಡುತ್ತಿತ್ತು. ತಪ್ಪು ಬೇರೆ ಯಾರದೋ ಎಂದಾದರೆ ಉಸಿರಾಡಬಹುದಿತ್ತು. ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಮೂರು ವರ್ಷವಾದರೂ ಬಂದಿರಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಸೊಸೆಯ ತವರಿನ ಕಾಲುಗಳನ್ನೆಲ್ಲ ಜಾಲಾಡಿ ಮುಗಿಸಿದ್ದಳು. ಯಾವ ಮಾವ ಕುಂಟುತ್ತಿದ್ದ, ಯಾವ ಅಜ್ಜ ಹಾಸಿಗೆ ಹಿಡಿದಿದ್ದ ಎಂದು ಕೆದಕದ ದಿನವಿಲ್ಲ. ಅಜ್ಜಿ ಕೆಟ್ಟವಳೇನಲ್ಲ. ಮೊಮ್ಮಗನ ಕಾಲಿಗೆ ಎಣ್ಣೆ ನೀವುತ್ತ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಸಂಕಟಕ್ಕೆ ಬೈಯಲು ಯಾರಾದರೊಬ್ಬರು ಬೇಕಿತ್ತು; ಮಗನೇ ತೋರಿಸಿಕೊಟ್ಟಿದ್ದ. ಸೊಸೆ ಎದುರಾಡಲಿಲ್ಲ. ತವರಿಗೆ ಹೋಗುವುದು ಬಿಟ್ಟಳು, ಎಲ್ಲರ ಜೊತೆ ಊಟಕ್ಕೆ ಕೂರುವುದು ಬಿಟ್ಟಳು. ಮಗನನ್ನು ಎತ್ತುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಒಬ್ಬಳೇ ಮಾಡುತ್ತಿದ್ದಳು. ಕೈ ಹಾಕಲು ಬಂದವರನ್ನು ಬೇಡವೆಂದು ಸರಿಸುತ್ತಿದ್ದಳು. ಪೇಂಟರ್‌ಗೂ ಬೇಕಾಗಿದ್ದು ಅದೇ. ಬೆಳಿಗ್ಗೆ ಬೇಗ ಹೊರಟು ಕತ್ತಲಾದ ಮೇಲೆ ಬರುತ್ತಿದ್ದ.

ಗೋಡೆ ಉಜ್ಜುತ್ತಿದ್ದ ಆ ಭಾನುವಾರ ಮಗನನ್ನು ಗಾಲಿಕುರ್ಚಿಗೆ ಕೂರಿಸಲು ಎತ್ತಿದ ಹೆಂಡತಿಗೆ ಫಕ್ಕನೆ ಸೊಂಟ ಹಿಡಿದುಕೊಂಡಿತು. ತಾಯಿ ಮಗ ಇಬ್ಬರೂ ಮಂಚದ ಮೇಲೇ ಕುಸಿದರು. ಪೇಂಟರ್ ಏಣಿ ಇಳಿಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಂದೇಬಿಟ್ಟಳು.

"ಕೊಡೋದನ್ನೆಲ್ಲ ಕೊಟ್ಟಾಯ್ತು. ಈಗ ಎತ್ತಿ ಇಳಿಸಿ ಏನು ಬಂತು?"

ಸೊಸೆ ಮಗನ ಮಡಚಿಕೊಂಡ ಕಾಲನ್ನು ನೇರ ಮಾಡಿದಳು. ಪೇಂಟರ್ ಎಂದಿನಂತೆ ಕೇಳಿಸದವನ ಹಾಗೆ ಗೋಡೆಯ ಕಡೆ ತಿರುಗಿದ.

"ಅಜ್ಜಿ, ಅಮ್ಮನ್ನ ಬೈಬೇಡ. ಇದು ನನ್ನಿಂದಾನೇ ಆಗಿದ್ದು," ಎಂದ ಹುಡುಗ.

ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಕಾಂಪೌಂಡ್ ಹತ್ತಿ ಕೆಳಗೆ ಜಿಗಿದಿದ್ದನಂತೆ. ಕಾಲಿನೊಳಗೆ ಏನೋ ಕಟಕ್ ಅಂದಿತ್ತಂತೆ. ಬೈಗುಳ ತಿನ್ನಬೇಕಾಗುತ್ತದೆಂದು ಯಾರಿಗೂ ಹೇಳಿರಲಿಲ್ಲವಂತೆ. ಎಷ್ಟೋ ದಿನ ಮನಸ್ಸಿನಲ್ಲೇ ಉರು ಹೊಡೆದಿದ್ದನ್ನು ಒಪ್ಪಿಸಿದ ಹಾಗೆ ಒಂದೂ ತಡವರಿಸದೆ ಹೇಳಿದ.

ಪೇಂಟರ್ ಕೈಯ ಉಜ್ಜುಕಾಗದ ಕೆಳಗೆ ಬಿತ್ತು. ಮಗ ಯಾವ ಗೋಡೆಯನ್ನೂ ಹತ್ತಿರಲಿಲ್ಲ. ಅವನ ಎರಡು ಪಾದ ಒಟ್ಟಿಗೆ ನೆಲ ಬಿಟ್ಟದ್ದನ್ನು ಹುಟ್ಟಿದಂದಿನಿಂದ ಯಾರೂ ಕಂಡಿರಲಿಲ್ಲ. ಜಿಗಿಯಲು ಬಾರದ ಮಗು ಅಮ್ಮನಿಗಾಗಿ ಒಂದು ಜಿಗಿತವನ್ನು ಹುಟ್ಟಿಸಿಕೊಂಡಿತ್ತು. ಪೇಂಟರ್ ಬಂದು ಮಂಚದ ಅಂಚಿನಲ್ಲಿ ಕೂತ. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಅವನು ಸುಳ್ಳು ಹೇಳ್ತಿದಾನೆ ಅಮ್ಮ. ಅವನಿಗಿಂತ ಮೊದಲು ಸುಳ್ಳು ಹೇಳಿದ್ದು ನಾನು," ಎಂದ.

ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಮಗನ ಕೆನ್ನೆಗೆ ಹೊಡೆದದ್ದನ್ನೂ, ಆ ಸಂಕಟಕ್ಕೆ ಹೆಂಡತಿಯ ಹೆಸರನ್ನು ಅಡ್ಡ ಹಿಡಿದದ್ದನ್ನೂ ಹೇಳಿದ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನೆಲಕ್ಕೆ ಕೂತಳು.

ಹೆಂಡತಿ ಮಗನ ಕಾಲಿನ ಮೇಲಿಂದ ಕೈ ತೆಗೆಯದೆ ಮಾತಾಡಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಇವನನ್ನ ಮುಟ್ಟಿದಾಗೆಲ್ಲ ಮನಸ್ಸಲ್ಲೇ ಕ್ಷಮೆ ಕೇಳ್ತಿದ್ದೆ ರೀ. ಒಂದೇ ಒಂದು ಸಲ ಸುಮ್ನೆ ಮಗು ಅಂತ ಮುಟ್ಲಿಲ್ಲ."

ಹುಡುಗ ಅಪ್ಪನನ್ನೂ ಅಮ್ಮನನ್ನೂ ನೋಡಿದ.

"ಹಾಗಾದ್ರೆ ಯಾರ ತಪ್ಪೂ ಅಲ್ವಾ?"

"ಅಲ್ಲ ಕಂದ," ಎಂದ ಪೇಂಟರ್.

"ನನ್ನದಾಗಿದ್ರೆ ಚೆನ್ನಾಗಿತ್ತಪ್ಪ," ಎಂದ ಹುಡುಗ. "ಇನ್ಮೇಲೆ ಹಾಗೆ ಮಾಡಲ್ಲ ಅಂದಿದ್ರೆ ವಾಸಿ ಆಗ್ತಿತ್ತೇನೋ."

ನಾಲ್ಕು ಜನ ಒಂದೇ ಕೋಣೆಯಲ್ಲಿ ಅತ್ತರು. ಅದುವರೆಗೆ ಆ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಮೂಲೆ ಹುಡುಕಿಕೊಂಡು ಅಳುತ್ತಿದ್ದರು.

ಕೊನೆಗೆ ಹೆಂಡತಿ ಸೊಂಟ ಒತ್ತಿಕೊಂಡು ಮಗನನ್ನು ಎತ್ತಲು ಮತ್ತೆ ಬಾಗಿದಳು. ಅಜ್ಜಿ ಎದ್ದು ಬಂದು ಸೊಸೆಯ ತೋಳು ಹಿಡಿದಳು.

"ನೀನು ಕೂತ್ಕೋ ತಾಯಿ," ಎಂದಳು ಅಷ್ಟೇ.

ಅಜ್ಜಿ ಗಾಲಿಕುರ್ಚಿಯನ್ನು ಮಂಚಕ್ಕೆ ಒತ್ತಿ ಹಿಡಿದಳು. ಪೇಂಟರ್ ಮಗನ ಕಂಕುಳಿಗೆ ಒಂದು ಕೈ, ಮೊಣಕಾಲಡಿಗೆ ಒಂದು ಕೈ ಕೊಟ್ಟು ಎತ್ತಿದ. ಮಗ ಇಷ್ಟು ಭಾರವಿದ್ದಾನೆಂದು ಅವನಿಗೆ ಗೊತ್ತೇ ಇರಲಿಲ್ಲ.